ಪ್ಲಾಸ್ಟಿಕ್ ಟ್ಯಾಂಕ್ ಮೈನ್: ಗುರುತು ಹೇಗೆ, 'ಮನುಷ್ಯ ಹತ್ತಿದರೆ ಏನೂ ಆಗಲ್ಲ' ಎಂಬ ಮಾತು ಎಷ್ಟು ನಿಜ?

ಪ್ರಶ್ನೆ: ನಾನು ಬಂಟ್ವಾಳದವನು. ಕುವೈತ್‌ನಲ್ಲಿ ಒಂದು ಕ್ಯಾಟರಿಂಗ್ ಕಂಪನಿಯ ಪಿಕಪ್ ಓಡಿಸುತ್ತೇನೆ. ಚಳಿಗಾಲದಲ್ಲಿ ಮರುಭೂಮಿಯ ಟೆಂಟ್‌ಗಳಿಗೆ ಊಟ ತಲುಪಿಸುವ ಕೆಲಸ ಇರುತ್ತದೆ. ಈ ಸಲ ಮಳೆ ಬಂದು ಹೋದ ಮೇಲೆ, ದಾರಿಯಿಂದ ಸ್ವಲ್ಪ ಆಚೆ, ಮರಳಿನಿಂದ ಅರ್ಧ ಹೊರಬಂದ ಒಂದು ದುಂಡನೆಯ ಪ್ಲಾಸ್ಟಿಕ್ ವಸ್ತು ಕಂಡಿತು. ಮರಳಿನ ಬಣ್ಣ, ಸುಮಾರು ಒಂದು ಗೇಣು ಅಗಲ, ಮೈಮೇಲೆ ಏಣುಗಳು. ನೋಡಲು ದೊಡ್ಡ ಕೇಕ್ ಡಬ್ಬದ ಹಾಗಿತ್ತು. ಜೊತೆಗಿದ್ದವರು 'ಅದು ಟ್ಯಾಂಕ್ ಮೈನ್, ಅಂದರೆ ಯುದ್ಧಟ್ಯಾಂಕ್ ಸಿಡಿಸಲು ನೆಲದಲ್ಲಿ ಹೂಳುವ ಬಾಂಬ್, ಮನುಷ್ಯ ಹತ್ತಿದರೆ ಏನೂ ಆಗಲ್ಲ' ಅಂದರು. ನಾವು ದೂರದಿಂದ ಫೋಟೊ ತೆಗೆದು ಬಂದೆವು. ಇಂಥವನ್ನು ಗುರುತಿಸುವುದು ಹೇಗೆ? ಅವರು ಹೇಳಿದ್ದು ನಿಜವೇ? ಇನ್ನೊಂದು ವಿಷಯ. ನಮ್ಮ ರೂಮಿನವರೊಬ್ಬರು ಎಲ್ಲಿಂದಲೋ ಖಾಲಿ ಮೈನ್ ಡಬ್ಬವೊಂದನ್ನು ತಂದು ಆ್ಯಶ್‌ಟ್ರೇ ಮಾಡಿಕೊಂಡಿದ್ದಾರೆ. ಪರವಾಗಿಲ್ವಾ?

ಉತ್ತರ: ಆ ಜಾಗದ ಮಾಹಿತಿಯನ್ನು ಇನ್ನೂ ಪೊಲೀಸರಿಗೆ ಕೊಟ್ಟಿಲ್ಲ ಅಂದರೆ ಇದನ್ನು ಓದುವುದು ನಿಲ್ಲಿಸಿ, ಮೊದಲು 112ಕ್ಕೆ ಫೋನ್ ಮಾಡಿ. ನೀವು ತೆಗೆದ ಫೋಟೊದಲ್ಲಿ ಲೊಕೇಶನ್ ಸೇವ್ ಆಗಿರಬಹುದು, ತೆರೆದು ನೋಡಿ. ಇಲ್ಲದಿದ್ದರೆ ಯಾವ ರಸ್ತೆಯಿಂದ ಎಲ್ಲಿ ತಿರುಗಿದಿರಿ, ಎಷ್ಟು ಕಿಲೋಮೀಟರ್ ಒಳಗೆ ಹೋದಿರಿ ಎಂಬಷ್ಟು ಹೇಳಿದರೂ ಸಾಕು. 'ಅಲ್ಗಾಮ್' ಅಂದರೆ ಅರೇಬಿಕ್‌ನಲ್ಲಿ ಮೈನ್‌ಗಳು. ಆ ಒಂದು ಪದ ಹೇಳಿದರೆ ಅವರಿಗೆ ವಿಷಯ ಅರ್ಥವಾಗುತ್ತದೆ. ಖಚಿತವಾಗಿ ಗೊತ್ತಿಲ್ಲದೆ ಹೇಗೆ ಹೇಳುವುದು ಅಂತ ಸಂಕೋಚ ಬೇಡ. ಖಚಿತ ಮಾಡಿಕೊಳ್ಳುವುದು ಅವರ ಕೆಲಸ.

ಈಗ ನಿಮ್ಮ ಫೋಟೊ. ಒಂದೇ ಕೋನದಿಂದ ತೆಗೆದ ಫೋಟೊ ನೋಡಿ ಇದು ಇಂಥದ್ದೇ ಅಂತ ಹೆಸರಿಡುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಆದರೆ ದುಂಡು ಆಕಾರ, ಒಂದು ಗೇಣಿನ ಅಗಲ, ಮರಳಿನ ಬಣ್ಣ, ಏಣಿರುವ ಮೈ – ಇವೆಲ್ಲ ಇಟಲಿಯ ವಿಎಸ್ ಸರಣಿಯ ಮೈನ್‌ಗಳಿಗೆ ಚೆನ್ನಾಗಿ ಹೊಂದುತ್ತವೆ. ಇವನ್ನು ಮಾಡುತ್ತಿದ್ದದ್ದು ವಾಲ್‌ಸೆಲ್ಲಾ ಎಂಬ ಕಂಪನಿ. 1980ರ ದಶಕದಲ್ಲಿ, ಇರಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಇರಾಕ್ ಸೇನೆ ಇಟಲಿಯ ಮೈನ್‌ಗಳನ್ನು ಲಕ್ಷಗಟ್ಟಲೆ ಕೊಂಡಿತ್ತು. 1990ರಲ್ಲಿ ಕುವೈತ್ ಮೇಲೆ ದಾಳಿ ಮಾಡಿದಾಗ ಅವೂ ಜೊತೆಗೆ ಬಂದವು. ಇಟಲಿಯದಷ್ಟೇ ಅಲ್ಲ, ಬೆಲ್ಜಿಯಂ, ಚೀನಾ, ಸೋವಿಯತ್ ಒಕ್ಕೂಟದ ಮೈನ್‌ಗಳನ್ನೂ ಅಲ್ಲಿ ಹೂಳಿದ್ದರು. ಯುದ್ಧ ಮುಗಿದ ಮೇಲೆ ಕುವೈತ್‌ನ ಮರಳಿನಿಂದ ಹೊರತೆಗೆದ ಮೈನ್‌ಗಳ ಸಂಖ್ಯೆ 16 ಲಕ್ಷಕ್ಕೂ ಜಾಸ್ತಿ. ಅಷ್ಟು ತೆಗೆದ ಮೇಲೂ ಮಳೆ ಬಂದಾಗ, ಗಾಳಿಗೆ ಮರಳಿನ ದಿಬ್ಬ ಸರಿದಾಗ ಒಂದೊಂದು ತಲೆ ಎತ್ತುತ್ತದೆ. ನಿಮಗೆ ಕಂಡದ್ದೂ ಅಂಥದ್ದೇ ಇರಬೇಕು.

ವಿಎಸ್ ಸರಣಿಯಲ್ಲಿ ಎರಡು ಹೆಚ್ಚು ಸಿಗುತ್ತವೆ. ವಿಎಸ್-1.6 ಸುಮಾರು 22 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ, 3 ಕೆಜಿ ತೂಕ. ವಿಎಸ್-2.2 ಅದಕ್ಕಿಂತ ತುಸು ದೊಡ್ಡದು, ಮೂರೂವರೆ ಕೆಜಿ. ಅದರಲ್ಲಿ ಎರಡು ಕೆಜಿಗಿಂತ ಸ್ವಲ್ಪ ಜಾಸ್ತಿ ಸ್ಫೋಟಕ ಇರುತ್ತದೆ. ಎರಡರಲ್ಲೂ ಮೇಲ್ಭಾಗದ ನಡುವೆ ಇನ್ನೊಂದು ಚಿಕ್ಕ ವೃತ್ತ ಕಾಣುತ್ತದೆ. ಅದೇ ಒತ್ತುವ ಭಾಗ, ಪ್ರೆಶರ್ ಪ್ಲೇಟ್. ದೊಡ್ಡ ವೃತ್ತದೊಳಗೆ ಚಿಕ್ಕ ವೃತ್ತ: ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರಪಂಚದ ಅರ್ಧದಷ್ಟು ಟ್ಯಾಂಕ್ ಮೈನ್‌ಗಳನ್ನು ನೀವು ದೂರದಿಂದಲೇ ಅನುಮಾನಿಸಬಹುದು. ಹೌದೋ ಅಲ್ಲವೋ ಅಂತ ತೀರ್ಮಾನಿಸಬೇಕಾಗಿಲ್ಲ, ಅನುಮಾನ ಬಂದರೆ ನಿಮ್ಮ ಕೆಲಸ ಆಯಿತು.

ಇಟಲಿಯದೇ ಇನ್ನೊಂದು ಟಿಸಿ-6. ಇದು ಗಾತ್ರದಲ್ಲಿ ಬೇರೆಯೇ. 27 ಸೆಂ.ಮೀ. ಅಗಲ, 18 ಸೆಂ.ಮೀ.ಗಿಂತ ಹೆಚ್ಚು ಎತ್ತರ, ಒಳಗೆ 6 ಕೆಜಿ ಸ್ಫೋಟಕ. ಹೆಸರಿನಲ್ಲಿರುವ 6 ಅದೇ. ಇದರ ನಕಲನ್ನು ಈಜಿಪ್ಟ್ ಕೂಡ ಮಾಡಿತು. ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆಯ ವಿರುದ್ಧ ಮುಜಾಹಿದೀನ್‌ಗಳು ಯಥೇಚ್ಛವಾಗಿ ಬಳಸಿದ್ದು ಇದನ್ನೇ. ಅಲ್ಲಿನ ಹಳ್ಳಿಯ ರಸ್ತೆಗಳಲ್ಲಿ ಆಮೇಲೆ ಎಷ್ಟೋ ವರ್ಷ ಬಸ್ಸು, ಟ್ರ್ಯಾಕ್ಟರ್‌ಗಳು ಇದರ ಮೇಲೆ ಹತ್ತಿ ಸಿಡಿದಿವೆ. ಹೂಳಿದವನಿಗೆ ಟ್ಯಾಂಕ್ ಬೇಕಿತ್ತು. ಮೈನ್‌ಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು?

ದುಂಡಗಿದ್ದರೆ ಮಾತ್ರ ಮೈನ್ ಅಂದುಕೊಂಡರೆ ಮೋಸ ಹೋಗುತ್ತೀರಿ. ಬೆಲ್ಜಿಯಂನ ಪಿಆರ್‌ಬಿ ಎಂ-3 ಚೌಕಾಕಾರ. ಒಂದೊಂದು ಬದಿ 23 ಸೆಂ.ಮೀ., ಅಂದರೆ ಸರಿಯಾಗಿ ಒಂದು ಗೇಣು. ಎತ್ತರ 13 ಸೆಂ.ಮೀ. ಹಸಿರು ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಮೇಲೆ ದುಂಡನೆಯ ಪ್ರೆಶರ್ ಪ್ಲೇಟ್. ಪೆಟ್ಟಿಗೆ ಬೇರೆ, ಪ್ಲೇಟ್ ಬೇರೆ ಆದ್ದರಿಂದ ಬರೀ ಪೆಟ್ಟಿಗೆ ಕಂಡರೆ ಯಾವುದೋ ಎಣ್ಣೆ ಡಬ್ಬ ಬಿದ್ದಿದೆ ಅನ್ನಿಸುತ್ತದೆ. ಆದರೆ ತೂಕದಲ್ಲಿ ಬಹುಪಾಲು ಸ್ಫೋಟಕವೇ. ಒಟ್ಟು ಸುಮಾರು 7 ಕೆಜಿಯಲ್ಲಿ 6 ಕೆಜಿ ಅದು. ಅಮೆರಿಕದ ಎಂ-19 ಕೂಡ ಚೌಕ, ಆದರೆ ದೊಡ್ಡದು ಮತ್ತು ಚಪ್ಪಟೆ. ಬದಿ 33 ಸೆಂ.ಮೀ., ತೂಕ 12 ಕೆಜಿಗೂ ಜಾಸ್ತಿ. ಇದನ್ನು ಇರಾನ್, ದಕ್ಷಿಣ ಕೊರಿಯಾ, ಟರ್ಕಿ, ಚಿಲಿ ತಾವೂ ತಯಾರಿಸಿದವು. ಈ ಮೈನ್‌ನ ಮೇಲ್ಭಾಗದಲ್ಲಿ ತಿರುಗಿಸುವ ಒಂದು ಬಿಲ್ಲೆ ಇದ್ದು, ಪಕ್ಕದಲ್ಲಿ ಎಸ್ ಮತ್ತು ಎ ಎಂಬ ಇಂಗ್ಲಿಷ್ ಅಕ್ಷರ ಇರುತ್ತವೆ. ಎಸ್ ಅಂದರೆ ಸೇಫ್. ಬಾಣ ಎಸ್ ಕಡೆಗಿದೆ ಅಂತ ಧೈರ್ಯ ಮಾಡಿ ಎತ್ತಿಕೊಂಡು ಬರುವ ಸಾಹಸಿಗಳು ಇದ್ದಾರೆ. ಮೂವತ್ತು ವರ್ಷ ಮಣ್ಣಲ್ಲಿದ್ದ ಬಿಲ್ಲೆ ಏನು ತೋರಿಸುತ್ತದೆ ಎಂಬುದಕ್ಕೂ ಒಳಗಿನ ಸ್ಥಿತಿಗೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ಬ್ರಿಟನ್ನಿನ ಬಾರ್ ಮೈನ್ ಅಂತೂ ಉದ್ದನೆಯದು. ಸುಮಾರು 1.2 ಮೀಟರ್ ಉದ್ದ, 11 ಸೆಂ.ಮೀ. ಅಗಲ. ಮೊದಲ ಸಲ ನೋಡಿದವರು ಕಟ್ಟಡ ಕೆಲಸದ ಯಾವುದೋ ಕೇಬಲ್ ಮುಚ್ಚಳ ಅಂದುಕೊಳ್ಳುತ್ತಾರೆ. ಉದ್ದ ಇಟ್ಟದ್ದರ ಲೆಕ್ಕಾಚಾರ ಸರಳ. ದುಂಡನೆಯ ಮೈನ್ ಪಕ್ಕದಲ್ಲೇ ಚಕ್ರ ಹಾದುಹೋಗಿ ತಪ್ಪಿಸಿಕೊಳ್ಳಬಹುದು. ದಾರಿಗೆ ಅಡ್ಡ ಮಲಗಿಸಿದ ಉದ್ದನೆಯದನ್ನು ತಪ್ಪಿಸಿಕೊಳ್ಳುವುದು ಕಷ್ಟ. ಹಾಗಾಗಿ ಕಡಿಮೆ ಮೈನ್‌ಗಳಲ್ಲಿ ಹೆಚ್ಚು ಜಾಗ ತಡೆಯಬಹುದು.

ಯುಗೊಸ್ಲಾವಿಯಾದ ಟಿಎಂಎ ಸರಣಿಯಲ್ಲಿ ಟಿಎಂಎ-4 ಎಂಬುದು ದುಂಡಗಿದ್ದು, ಮೇಲೆ ಮೂರು ಫ್ಯೂಸ್‌ಗಳು (ಒತ್ತಿದಾಗ ಸ್ಫೋಟ ಶುರು ಮಾಡುವ ಭಾಗಗಳು) ತ್ರಿಕೋನದ ಹಾಗೆ ಎದ್ದು ಕಾಣುತ್ತವೆ. ಬೋಸ್ನಿಯಾ, ಕ್ರೊಯೇಷಿಯಾದಲ್ಲಿ ಕೆಲಸ ಮಾಡಿದವರಿಗೆ ಇದು ಚಿರಪರಿಚಿತ. ಚೆಕೊಸ್ಲೊವಾಕಿಯಾದವರು ಬೇಕಲೈಟ್‌ನಲ್ಲಿ ಮಾಡಿದರು. ನಮ್ಮ ಹಳೆಯ ಮನೆಗಳ ಕಪ್ಪು ಸ್ವಿಚ್ ಇರುತ್ತಿತ್ತಲ್ವಾ, ಅದೇ ವಸ್ತು. ಸೋವಿಯತ್ ಒಕ್ಕೂಟದ ಟಿಎಂ-62 ಇನ್ನೂ ವಿಚಿತ್ರ. ಒಂದೇ ಹೆಸರು, ಆದರೆ ಕವಚ ಲೋಹದ್ದೂ ಇದೆ, ಪ್ಲಾಸ್ಟಿಕ್ಕಿನದೂ ಇದೆ, ಮರದ್ದೂ ಇದೆ, ಬಟ್ಟೆಯದೂ ಇದೆ. ಕವಚವೇ ಇಲ್ಲದ್ದೂ ಇದೆ! ಈಗ ಯುಕ್ರೇನ್‌ನ ಚಿತ್ರಗಳಲ್ಲಿ ನೀವು ನೋಡುವ ಹಸಿರು ತಟ್ಟೆಗಳು ಬಹುತೇಕ ಇದರ ಲೋಹದ ಅವತಾರ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹಸಿರು, ಕಂದು, ಮರಳಿನ ಬಣ್ಣ – ಫ್ಯಾಕ್ಟರಿಯಿಂದ ಬರುವುದು ಹೀಗೆ. ಬಿಸಿಲಿಗೆ ಬಿದ್ದು ಮಾಸಿದ ಮೇಲೆ ಎಲ್ಲವೂ ಬೂದು. ಬಣ್ಣ ನೋಡಿ ಯಾವುದನ್ನೂ ನಿರ್ಧರಿಸಬೇಡಿ.

ಇಷ್ಟಕ್ಕೂ ಪ್ಲಾಸ್ಟಿಕ್ಕೇ ಯಾಕೆ? ಅಗ್ಗ, ಹಗುರ, ತುಕ್ಕು ಹಿಡಿಯಲ್ಲ ಎಂಬುದೆಲ್ಲ ಸರಿ. ಆದರೆ ಮೂಲ ಕಾರಣ ಒಂದು ಪೈಪೋಟಿ. ಎರಡನೇ ಮಹಾಯುದ್ಧದಲ್ಲಿ ಯೂಸೆಫ್ ಕೊಸಾಟ್ಸ್ಕಿ ಎಂಬ ಪೋಲೆಂಡ್‌ನ ಲೆಫ್ಟಿನೆಂಟ್, ಸೈನಿಕನೊಬ್ಬ ಕೈಯಲ್ಲಿ ಹಿಡಿದು ನಡೆಯಬಹುದಾದ ಲೋಹಶೋಧಕ ರೂಪಿಸಿ ಬ್ರಿಟಿಷ್ ಸೇನೆಗೆ ಕೊಟ್ಟ. 1942ರಲ್ಲಿ ಈಜಿಪ್ಟ್‌ನ ಎಲ್ ಅಲಮೇನ್‌ನಲ್ಲಿ ಜರ್ಮನ್ನರು ಹೂಳಿದ್ದ ಮೈನ್ ಬಯಲುಗಳನ್ನು ದಾಟಲು ಅದು ತುಂಬಾ ನೆರವಾಯಿತು. ಲೋಹ ಹುಡುಕುವ ಯಂತ್ರ ಬಂತು ಅಂದ ಮೇಲೆ ಲೋಹವೇ ಇಲ್ಲದ ಮೈನ್ ಬೇಕಾಯಿತು. ಜರ್ಮನ್ನರು ಮರದಲ್ಲಿ ಮಾಡಿದರು, ಗಾಜಿನಲ್ಲಿ ಮಾಡಿದರು. ಟೋಪ್ಫ್‌ಮೀನೆ ಎಂಬ ಟ್ಯಾಂಕ್ ಮೈನ್‌ಗೆ ಮರದ ತಿರುಳನ್ನು ಒತ್ತಿ ಕವಚ ಮಾಡಿದರು. ಆಗ ಇನ್ನೊಂದು ತಲೆನೋವು ಶುರುವಾಯಿತು. ಶತ್ರುವಿಗೆ ಸಿಗದ ಮೈನ್ ತಮಗೂ ಸಿಗಲ್ಲ! ಅದಕ್ಕೆ ಅವರು ಮಾಡಿದ ಉಪಾಯ ಕೇಳಿ. ಸ್ವಲ್ಪ ವಿಕಿರಣ ಸೂಸುವ ಮರಳನ್ನು ಮೈನ್ ಮೈಗೆ ಬಳಿದರು. ವಿಕಿರಣ ಅಳೆಯುವ ಯಂತ್ರ ಹಿಡಿದರೆ ತಮ್ಮವರಿಗೆ ಮಾತ್ರ ಗೊತ್ತಾಗುತ್ತದೆ. ಇದು ಗೊತ್ತಾಗಲು ಮಿತ್ರಪಡೆಗಳಿಗೆ ಬಹಳ ಕಾಲ ಹಿಡಿಯಿತು.

ಯುದ್ಧದ ನಂತರ ಪ್ಲಾಸ್ಟಿಕ್ ಅಗ್ಗವಾಯಿತು. ಮರ, ಗಾಜು ಮೂಲೆ ಸೇರಿದವು. ಈಗಿನ ಪ್ಲಾಸ್ಟಿಕ್ ಮೈನ್‌ನಲ್ಲಿ ಲೋಹ ಅಂದರೆ ಫ್ಯೂಸ್‌ನ ಒಂದು ಸಣ್ಣ ಮುಳ್ಳು, ಸ್ಫೋಟಕವನ್ನು ಸಿಡಿಸುವ ಪುಟ್ಟ ಡಿಟೋನೇಟರ್‌ನ ತೆಳು ಕವಚ, ಅಷ್ಟೇ. 12 ಕೆಜಿಯ ಎಂ-19ರಲ್ಲಿ ಇರುವ ಲೋಹ 3 ಗ್ರಾಂಗಿಂತ ಕಡಿಮೆ. ನಿಮ್ಮ ಜೇಬಿನ ಒಂದು ರೂಪಾಯಿ ನಾಣ್ಯ ಅದಕ್ಕಿಂತ ಭಾರ. ಕೆಲವು ಮೈನ್‌ಗಳಿಗೆ ಬೇಕೆಂದರೆ ಒಂದು ಲೋಹದ ಬಿಲ್ಲೆ ಸಿಕ್ಕಿಸುವ ವ್ಯವಸ್ಥೆ ಇರುತ್ತದೆ. ಆಮೇಲೆ ತಾವೇ ತೆಗೆಯಬೇಕಾದಾಗ ಸುಲಭವಾಗಲಿ ಅಂತ. ಹೂಳುವಾಗ ಅದನ್ನು ಕಿತ್ತು ಬಿಸಾಡಲೂಬಹುದು.

ಹಾಗಾದರೆ ತೆರವು ಮಾಡುವವರು ಹುಡುಕುವುದು ಹೇಗೆ? ಈಗಿನ ಲೋಹಶೋಧಕಗಳು ಆ ಮುಳ್ಳಿನಷ್ಟು ಲೋಹವನ್ನೂ ಹಿಡಿಯುತ್ತವೆ. ತೊಂದರೆ ಏನಪ್ಪ ಅಂದರೆ, ಅಷ್ಟು ಸೂಕ್ಷ್ಮವಾಗಿಟ್ಟರೆ ಮೊಳೆ, ತಂತಿ ಚೂರು, ಗುಂಡಿನ ಖಾಲಿ ಕೊಳವೆ, ಸೋಡಾ ಮುಚ್ಚಳ ಎಲ್ಲದಕ್ಕೂ ಕೂಗುತ್ತದೆ. ಪ್ರತಿ ಕೂಗಿಗೂ ಕುಳಿತು ಮಣ್ಣು ಕೆದಕಿ ನೋಡಬೇಕು. ಮಣ್ಣೇ ಕೂಗುವುದೂ ಉಂಟು. ನಿಮ್ಮೂರಿನ ಮುರಕಲ್ಲು ಇದೆಯಲ್ಲ, ಕಬ್ಬಿಣದ ಅಂಶ ತುಂಬಿದ ಅಂಥ ಕೆಂಪು ಮಣ್ಣು ಕಾಂಬೋಡಿಯಾ, ಅಂಗೋಲಾದಲ್ಲೂ ಇದೆ. ಅಲ್ಲಿ ಸಾಮಾನ್ಯ ಲೋಹಶೋಧಕ ಹಿಡಿದವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅದಕ್ಕೆ ಈಗ ಲೋಹಶೋಧಕ ಮತ್ತು ನೆಲದೊಳಗೆ ನೋಡುವ ರೇಡಾರ್ ಎರಡೂ ಒಂದೇ ಕೋಲಿನಲ್ಲಿರುವ ಯಂತ್ರಗಳು ಬಂದಿವೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಮೊತೊಯುಕಿ ಸಾಟೊ ಅವರ ತಂಡದ 'ಏಲಿಸ್' ಅಂಥದ್ದೊಂದು. ಮೊದಲು ಲೋಹದ ಸದ್ದು, ಆಮೇಲೆ ರೇಡಾರ್‌ನಲ್ಲಿ ಆಕಾರ. ಮೊಳೆಯೋ ಮೈನೋ ಅಂತ ಬಹಳ ಮಟ್ಟಿಗೆ ಬೇರ್ಪಡಿಸಬಹುದು. ರೇಡಾರ್‌ಗೂ ಒಂದು ಮಿತಿ ಇದೆ. ಒಣ ಮರಳಿನೊಳಗೆ ಅದು ಚೆನ್ನಾಗಿ ಇಳಿಯುತ್ತದೆ. ಆದರೆ ರೇಡಾರ್ ಅಲೆಗೆ ಒಣ ಮರಳೂ ಪ್ಲಾಸ್ಟಿಕ್ ಮೈನೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಸ್ವಲ್ಪ ತೇವ ಇದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ, ತೀರಾ ಒದ್ದೆ ಜೇಡಿಮಣ್ಣಾದರೆ ಅಲೆಯೇ ಇಳಿಯಲ್ಲ.

ಮೂಗಿನ ವಿಷಯದಲ್ಲಿ ಮಾತ್ರ ಪ್ಲಾಸ್ಟಿಕ್ ಸೋಲುತ್ತದೆ. ಒಳಗಿರುವ ಟಿಎನ್‌ಟಿ ಎಂಬ ಸ್ಫೋಟಕದಿಂದ ಬರುವ ಆವಿ ಪ್ಲಾಸ್ಟಿಕ್ ಗೋಡೆಯ ಮೂಲಕ ನಿಧಾನವಾಗಿ ಸೋರಿ ಮಣ್ಣಿಗೆ ಸೇರುತ್ತದೆ. ತರಬೇತಿ ಪಡೆದ ನಾಯಿ ಅದನ್ನು ಹಿಡಿಯುತ್ತದೆ. ಆಫ್ರಿಕಾದ ದೊಡ್ಡ ಚೀಲಗೆನ್ನೆಯ ಇಲಿಗಳೂ ಹಿಡಿಯುತ್ತವೆ. ಅಪೋಪೋ ಸಂಸ್ಥೆಯವರು ಟಾಂಜಾನಿಯಾದ ಮೊರೊಗೊರೊದಲ್ಲಿ ಅವುಗಳಿಗೆ ತರಬೇತಿ ಕೊಡುತ್ತಾರೆ. ಕಾಂಬೋಡಿಯಾದಲ್ಲಿ ಕೆಲಸ ಮಾಡಿದ ಮಗಾವಾ ಎಂಬ ಇಲಿಗೆ 2020ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಪಿಡಿಎಸ್‌ಎ ಚಿನ್ನದ ಪದಕ ಕೊಟ್ಟಿತು. ನಿವೃತ್ತಿಯಾಗುವಷ್ಟರಲ್ಲಿ ನೂರಕ್ಕೂ ಹೆಚ್ಚು ಮೈನ್ ಮತ್ತು ಸಿಡಿಯದ ಬಾಂಬ್‌ಗಳನ್ನು ಅದು ಹುಡುಕಿತು. ಇಲಿ ಹಗುರ, ಹೆಜ್ಜೆ ಇಟ್ಟರೆ ಮೈನ್ ಸಿಡಿಯಲ್ಲ ಎಂಬುದು ದೊಡ್ಡ ಅನುಕೂಲ.

ತೂಕದ ಮಾತಿಗೆ ಬಂದೆವಲ್ಲ, ಈಗ ನಿಮ್ಮ ಜೊತೆಗಾರರು ಹೇಳಿದ್ದನ್ನು ನೋಡೋಣ. 'ಮನುಷ್ಯ ಹತ್ತಿದರೆ ಏನೂ ಆಗಲ್ಲ.' ಈ ಮಾತು ಎಲ್ಲಾ ದೇಶಗಳಲ್ಲೂ ಇದೆ. ಅರ್ಧ ನಿಜ ಆದ್ದರಿಂದಲೇ ಅಪಾಯ ಜಾಸ್ತಿ. ನಿಜದ ಅರ್ಧ ಏನೆಂದರೆ, ಟ್ಯಾಂಕ್ ಮೈನ್‌ಗಳ ಫ್ಯೂಸ್‌ಗೆ ಸಾಮಾನ್ಯವಾಗಿ 150 ಕೆಜಿ, 200 ಕೆಜಿ, ಕೆಲವಕ್ಕೆ ಇನ್ನೂ ಹೆಚ್ಚಿನ ಒತ್ತಡ ಬೇಕು. ಸೈನಿಕನೊಬ್ಬ ಕಾಲಿಟ್ಟು ಮೈನ್ ಹಾಳಾಗಬಾರದು, ಟ್ಯಾಂಕ್ ಬರುವ ತನಕ ಕಾಯಬೇಕು ಎಂಬ ಉದ್ದೇಶ ಅದು.

ಉಳಿದ ಅರ್ಧ ಹೀಗಿದೆ. ಆ ಒತ್ತಡ ಹೊಸ ಮೈನ್‌ನದು, ಫ್ಯಾಕ್ಟರಿಯ ಕಾಗದದ ಮೇಲಿನದು. 1990ರಲ್ಲಿ ಹೂಳಿದ ಮೈನ್ ಮೂರೂವರೆ ದಶಕ ಮರುಭೂಮಿಯ ಬಿಸಿಲು, ರಾತ್ರಿಯ ಚಳಿ ಎರಡನ್ನೂ ತಿಂದಿದೆ. ಮಣ್ಣೊಳಗಿದ್ದ ಪ್ಲಾಸ್ಟಿಕ್ ಬಹಳ ವರ್ಷ ಗಟ್ಟಿಯಾಗಿರುತ್ತದೆ. ಮೇಲೆ ಬಂದು ಬಿಸಿಲಿಗೆ ಬಿದ್ದದ್ದು ಪೆಡಸಾಗಿ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಪ್ರೆಶರ್ ಪ್ಲೇಟ್ ಎಷ್ಟು ಭಾರಕ್ಕೆ ಕುಸಿಯುತ್ತದೆ ಅಂತ ಅದನ್ನು ಮಾಡಿದ ಎಂಜಿನಿಯರ್ ಕೂಡ ಹೇಳಲಾರ. ಮತ್ತೆ, ನಿಂತಾಗ 70 ಕೆಜಿ ಇರುವ ಮನುಷ್ಯ ಓಡುವಾಗ ನೆಲಕ್ಕೆ ಕೊಡುವ ಹೊಡೆತ ಅದರ ಎರಡು, ಎರಡೂವರೆ ಪಟ್ಟು. ಪಿಕಪ್‌ನ ಹಿಂಬದಿಯಿಂದ ಧುಮುಕಿದರೂ ಅಷ್ಟೇ. ಲೆಕ್ಕ ಹಾಕಿ ನೋಡಿ, 150 ಕೆಜಿ ಏನೂ ದೂರವಿಲ್ಲ.

ಎರಡನೆಯದು, ಕೆಳಗೆ ಏನಿದೆ ಅಂತ ಮೇಲಿಂದ ಕಾಣಲ್ಲ. ಎಷ್ಟೋ ಟ್ಯಾಂಕ್ ಮೈನ್‌ಗಳಲ್ಲಿ ಬದಿಗೋ ತಳಕ್ಕೋ ಇನ್ನೊಂದು ಫ್ಯೂಸ್ ಕೂರಿಸಲು ಜಾಗ ಬಿಟ್ಟಿರುತ್ತಾರೆ. ತೆಗೆಯಲು ಬಂದವನನ್ನು ಕೊಲ್ಲುವುದಕ್ಕೇ ಅದು. ಎತ್ತಿದರೆ, ಓರೆ ಮಾಡಿದರೆ ಸಾಕು. ಅಲ್ಲಿ 150 ಕೆಜಿಯ ಲೆಕ್ಕ ನಡೆಯಲ್ಲ. ತಜ್ಞರು ಸಹ ಇದಕ್ಕೆ ಹೆದರಿಯೇ ಸಿಕ್ಕ ಮೈನ್ ಅನ್ನು ಸಾಧ್ಯವಾದಷ್ಟೂ ಇದ್ದಲ್ಲೇ ಸಿಡಿಸುತ್ತಾರೆ. ಸಿನಿಮಾದಲ್ಲಿ ತೋರಿಸುವ ಹಾಗೆ ಬೆವರು ಒರೆಸಿಕೊಳ್ಳುತ್ತಾ ಕೆಂಪು ತಂತಿ ಕತ್ತರಿಸುವುದೆಲ್ಲ ಮೈನ್ ತೆಗೆಯುವ ನಮ್ಮ ಕೆಲಸದಲ್ಲಿ ಇಲ್ಲ.

ಮೂರನೆಯದೇ ನನ್ನ ಪ್ರಕಾರ ಮುಖ್ಯ. ಟ್ಯಾಂಕ್ ಮೈನ್ ಒಂಟಿಯಾಗಿರುವುದು ಅಪರೂಪ. ಅದನ್ನು ಯಾರೂ ಸುಲಭವಾಗಿ ತೆಗೆಯಬಾರದು ಅಂತ ಸುತ್ತಮುತ್ತ ಮನುಷ್ಯರಿಗಾಗಿಯೇ ಮಾಡಿದ ಚಿಕ್ಕ ಮೈನ್‌ಗಳನ್ನು ಹೂಳುತ್ತಾರೆ. ವಿಎಸ್-50 ಎಂಬುದು ಇಟಲಿಯದೇ. ಬರೀ 9 ಸೆಂ.ಮೀ. ಅಗಲ, ಅಂಗೈಯಲ್ಲಿ ಹಿಡಿಯುವಷ್ಟು. ಅದಕ್ಕೆ ಸುಮಾರು 10 ಕೆಜಿ ಒತ್ತಡ ಸಾಕು, ಒಂದು ಚಿಕ್ಕ ಮಗು ಹೆಜ್ಜೆ ಇಟ್ಟರೂ ಆಯಿತು. ಮಳೆ ಬಂದಾಗ ನಿಮಗೆ ಕಂಡದ್ದು ದೊಡ್ಡದು. ಕಾಣದೆ ಉಳಿದದ್ದು ಚಿಕ್ಕದು ಇರಬಹುದು. ಫೋಟೊಗಾಗಿ ನಾಲ್ಕು ಹೆಜ್ಜೆ ಮುಂದೆ ಹೋಗದೆ ದೂರದಿಂದ ತೆಗೆದಿರಿ, ಒಳ್ಳೆಯದಾಯಿತು.

ಇನ್ನು ನೀವು ಚಾಲಕರು. ನಿಮಗೆ 'ಟ್ಯಾಂಕ್' ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಮೈನ್‌ಗೆ ಬೇಕಿರುವುದು ಭಾರ, ಟ್ಯಾಂಕಲ್ಲ. ಎರಡೂವರೆ ಟನ್‌ನ ಲ್ಯಾಂಡ್ ಕ್ರೂಸರ್‌ನ ಒಂದೊಂದು ಚಕ್ರದ ಮೇಲೂ 600 ಕೆಜಿ ಹತ್ತಿರ ಇರುತ್ತದೆ. ನಿಮ್ಮ ಪಿಕಪ್, ನೀರಿನ ಟ್ಯಾಂಕರ್, ಒಂಟೆ ಎಲ್ಲವೂ ಸಾಕಷ್ಟಾಯಿತು. ಟ್ಯಾಂಕ್‌ನ ಚೈನು ಕಡಿಯಲು ಮಾಡಿದ ಸ್ಫೋಟ ಪಿಕಪ್‌ನ ತೆಳು ತಗಡಿನ ಕೆಳಗೆ ಆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಟೆಂಟ್‌ಗಳಿಗೆ ಹೋಗುವಾಗ ನಾಲ್ಕು ಗಾಡಿ ಓಡಾಡಿದ ಹಳೆಯ ಚಕ್ರದ ಜಾಡಿನಲ್ಲೇ ಹೋಗಿ. ಐದು ನಿಮಿಷ ಉಳಿಸಲು ಅಡ್ಡದಾರಿ ಬೇಡ. ಮಳೆ ಬಂದ ಮೇಲಂತೂ ಹೊಸ ಜಾಡು ಬೇಡವೇ ಬೇಡ. ಜಾಡು ಬಿಟ್ಟು ಒಳಗೆ ಹೋದ ಮೇಲೆ ಇಂಥದ್ದು ಕಂಡರೆ ಅಲ್ಲೇ ನಿಲ್ಲಿಸಿ. ಬಂದ ಚಕ್ರದ ಗುರುತಿನ ಮೇಲೇ ರಿವರ್ಸ್ ತೆಗೆಯಿರಿ. ತಿರುಗಿಸಿಕೊಂಡು ಹೋಗೋಣ ಅಂತ ಸ್ಟೀರಿಂಗ್ ಎಳೆದರೆ ಚಕ್ರ ಹೊಸ ನೆಲ ಮುಟ್ಟುತ್ತದೆ. ಕೆಳಗೆ ಇಳಿದಿದ್ದರೆ ನಿಮ್ಮ ಹೆಜ್ಜೆ ಗುರುತಿನಲ್ಲೇ ವಾಪಸ್ ಬನ್ನಿ. ಫೋನ್, ವಾಕಿಟಾಕಿ ಎಲ್ಲ ದೂರ ಬಂದ ಮೇಲೆ. ಕಲ್ಲು ಎಸೆದು ನೋಡುವುದು, ಮೇಲೆ ಬಟ್ಟೆ ಹೊದಿಸಿ ಗುರುತು ಮಾಡುವುದು – ಇವೆಲ್ಲ ಬೇಡ. ಗುರುತು ಮಾಡಬೇಕು ಅನ್ನಿಸಿದರೆ ನೀವು ಸುರಕ್ಷಿತವಾಗಿ ನಿಂತ ಜಾಗದಲ್ಲಿ, ಜಾಡಿನ ಪಕ್ಕ, ಎದ್ದು ಕಾಣುವ ಏನಾದರೂ ಇಡಿ.

ಮೈನ್ ಕಾಣದಿದ್ದರೂ ಕೆಲವು ಸೂಚನೆಗಳು ಕಾಣುತ್ತವೆ. ಹಳೆಯ ಮುಳ್ಳುತಂತಿ, ಮರಳಲ್ಲಿ ಅರ್ಧ ಹೂತ ಕಬ್ಬಿಣದ ಕಂಬಗಳ ಸಾಲು, ಬಂಕರ್‌ನ ಮರಳಿನ ದಿಬ್ಬ, ಸುಟ್ಟ ಗಾಡಿಯ ಅಸ್ಥಿಪಂಜರ, ಮರದ ಪೆಟ್ಟಿಗೆಯ ಹಲಗೆ. ಇವು ಇದ್ದಲ್ಲಿ ಸೇನೆ ಇತ್ತು. ಸೇನೆ ತಿಂಗಳುಗಟ್ಟಲೆ ಕೂತಿದ್ದಲ್ಲಿ ಮುಂದೆ ಏನಾದರೂ ಹೂಳಿರುತ್ತದೆ. ಒಂದು ಮೈನ್ ಕಂಡಿತು ಅಂದರೆ ಅದೇ ಸಾಲಿನಲ್ಲಿ, ಅಷ್ಟಷ್ಟೇ ಅಂತರದಲ್ಲಿ ಇನ್ನಷ್ಟು ಇರುವ ಸಾಧ್ಯತೆ ಜಾಸ್ತಿ. ಸೈನಿಕರು ಸಾಲು ಹಿಡಿದು ಹೂಳುತ್ತಾರೆ, ಅಳತೆ ಇಟ್ಟುಕೊಂಡು ಹೂಳುತ್ತಾರೆ.

ಆದರೆ ಮರಳು ಆ ಸಾಲನ್ನು ಹಾಗೇ ಇಡುವುದಿಲ್ಲ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಫಾಕ್‌ಲ್ಯಾಂಡ್ ದ್ವೀಪಗಳದ್ದು. 1982ರಲ್ಲಿ ಬ್ರಿಟನ್ ಜೊತೆಗಿನ ಯುದ್ಧದಲ್ಲಿ ಅರ್ಜೆಂಟೀನಾ ಸೇನೆ ಅಲ್ಲಿನ ಕಡಲತೀರಗಳಲ್ಲಿ ಮೈನ್ ಹೂಳಿತು. ಇಟಲಿಯ ಎಸ್‌ಬಿ-81 ಎಂಬ ಪ್ಲಾಸ್ಟಿಕ್ ಟ್ಯಾಂಕ್ ಮೈನ್‌ಗಳೂ ಅದರಲ್ಲಿದ್ದವು. ಯುದ್ಧ ಕೆಲವೇ ವಾರ ನಡೆಯಿತು. ದ್ವೀಪಗಳು ಮೈನ್‌ಮುಕ್ತ ಅಂತ ಘೋಷಣೆಯಾದದ್ದು 2020ರ ನವೆಂಬರ್‌ನಲ್ಲಿ! ಯಾರ್ಕ್ ಬೇ ಎಂಬ ತೀರದಲ್ಲಿ ಮರಳಿನ ದಿಬ್ಬಗಳು ಸರಿದು ಮೈನ್‌ಗಳು ಮೂಲ ಜಾಗ ಬಿಟ್ಟಿದ್ದವು, ಕೆಲವು ಆಳಕ್ಕೆ ಇಳಿದಿದ್ದವು. ಕೊನೆಗೆ ಯಂತ್ರ ಇಳಿಸಿ ತೀರದ ಮರಳನ್ನೇ ಅಗೆದು ಜರಡಿ ಹಿಡಿಯಬೇಕಾಯಿತು. ಆ ಕೆಲಸ ಮಾಡಿದವರಲ್ಲಿ ಬಹಳ ಜನ ಜಿಂಬಾಬ್ವೆಯವರು. ತಮ್ಮ ದೇಶದ ಮೈನ್‌ಗಳಲ್ಲಿ ಅನುಭವ ಪಡೆದು ಬಂದವರು. ಅಷ್ಟೂ ವರ್ಷ ಬೇಲಿಯ ಒಳಗೆ ಆರಾಮವಾಗಿದ್ದದ್ದು ಪೆಂಗ್ವಿನ್‌ಗಳು ಮಾತ್ರ. ಅವುಗಳ ತೂಕಕ್ಕೆ ಮೈನ್ ಸಿಡಿಯಲ್ಲ, ಮನುಷ್ಯರ ಕಾಟವೂ ಇಲ್ಲ.

ಇಂಥ ಮೈನ್‌ಗಳನ್ನು ನಿಷೇಧಿಸಿಲ್ವಾ ಅಂತ ಯಾರಾದರೂ ಕೇಳುತ್ತಾರೆ. 1997ರ ಒಟ್ಟಾವಾ ಒಪ್ಪಂದ ನಿಷೇಧಿಸಿದ್ದು ಮನುಷ್ಯರನ್ನು ಗುರಿಯಾಗಿಸುವ ಮೈನ್‌ಗಳನ್ನು. ಟ್ಯಾಂಕ್ ಮೈನ್ ಅದರೊಳಗೆ ಬರಲ್ಲ. ಭಾರತ, ಪಾಕಿಸ್ತಾನ, ಚೀನಾ, ಅಮೆರಿಕ, ರಷ್ಯಾ ಆ ಒಪ್ಪಂದಕ್ಕೆ ಸೇರಿಯೂ ಇಲ್ಲ. 1996ರಲ್ಲಿ ತಿದ್ದುಪಡಿಯಾದ ಇನ್ನೊಂದು ನಿಯಮಾವಳಿ ಇದೆ, ಅದಕ್ಕೆ ಭಾರತವೂ ಸೇರಿದೆ. ಅದರ ಪ್ರಕಾರ ಮನುಷ್ಯರಿಗಾಗಿ ಮಾಡಿದ ಮೈನ್‌ನಲ್ಲಿ 8 ಗ್ರಾಂ ಕಬ್ಬಿಣದಷ್ಟಾದರೂ ಸದ್ದು ಸಿಗುವ ಲೋಹ ಇರಲೇಬೇಕು. ಹುಡುಕುವವನಿಗೆ ಸಿಗಲಿ ಅಂತ. ಟ್ಯಾಂಕ್ ಮೈನ್‌ಗೆ ಇದೂ ಕಡ್ಡಾಯವಲ್ಲ. 200 ಗ್ರಾಂನ ಮೈನ್‌ಗೆ ಇರುವ ಷರತ್ತು 10 ಕೆಜಿಯ ಮೈನ್‌ಗೆ ಇಲ್ಲ. ಇದರಲ್ಲಿ ನ್ಯಾಯ ಎಲ್ಲಿದೆ ಅಂತ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಬಸ್ಸಿನಲ್ಲಿ ಹೋಗುವವರು ಯಾರ ಲೆಕ್ಕಕ್ಕೆ ಸೇರುತ್ತಾರೆ?

ನಮ್ಮ ದೇಶಕ್ಕೂ ಇದು ಹೊಸದಲ್ಲ. 2001ರ ಸಂಸತ್ ದಾಳಿಯ ನಂತರ ಸೇನೆ ಗಡಿಗೆ ಹೋದಾಗ ಪಂಜಾಬ್, ರಾಜಸ್ಥಾನದ ಹೊಲಗದ್ದೆಗಳಲ್ಲಿ ಮೈನ್ ಹೂಳಿ, ಆಮೇಲೆ ತೆಗೆಯಬೇಕಾಯಿತು. ಮೈನ್ ಹೂಳುವುದು, ತೆಗೆಯುವುದು ಎರಡೂ ಸೇನೆಯ ಎಂಜಿನಿಯರ್ ದಳದ ಪಾಲಿಗೆ ಬರುವ ಕೆಲಸ. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಹಾದುಹೋಗುವಾಗ ನೀವು ನೋಡುವ ಎಂಇಜಿ, ಅಂದರೆ ಮದ್ರಾಸ್ ಸ್ಯಾಪರ್ಸ್, ಇದೇ ಕೆಲಸದವರು. ಈಗ ಡಿಆರ್‌ಡಿಒ ರೂಪಿಸಿರುವ 'ವಿಭವ್' ಎಂಬ ಟ್ಯಾಂಕ್ ಮೈನ್, ನಿಗದಿತ ಅವಧಿ ಮುಗಿದ ಮೇಲೆ ತಾನೇ ನಿಷ್ಕ್ರಿಯವಾಗುವ ಥರದ್ದು. ನಿಮ್ಮ ಕುವೈತ್‌ನ ಮರಳಲ್ಲಿರುವ ಹಳಬರಿಗೆ ಅಂಥ ಬುದ್ಧಿ ಇಲ್ಲ.

ಇನ್ನು ಆ್ಯಶ್‌ಟ್ರೇ. ಓದುತ್ತಲೇ ತಲೆ ಹಿಡಿದುಕೊಂಡೆ. ಪರವಾಗಿಲ್ವಾ ಅಂದರೆ, ಖಂಡಿತ ಸರಿಯಲ್ಲ, ಅಪಾಯ. ಅದು ಖಾಲಿ ಅಂತ ಯಾರು ಹೇಳಿದರು? ಮೇಲಿನ ಭಾಗ ತೆರೆದಿದೆ, ಒಳಗೆ ಏನೂ ಕಾಣಲ್ಲ ಅಂದ ಮಾತ್ರಕ್ಕೆ ಖಾಲಿ ಅಲ್ಲ. ಸ್ಫೋಟಕವನ್ನು ಕರಗಿಸಿ ಎರಕ ಹೊಯ್ದಿರುತ್ತಾರೆ, ಅದು ಗೋಡೆಗೆ ಅಂಟಿಕೊಂಡಿದ್ದರೆ ಹಳದಿ, ಕಂದು ಬಣ್ಣದ ಒಳಪದರದ ಹಾಗೆ ಕಾಣುತ್ತದೆ. ಅದು ವಿಷ ಕೂಡ, ಚರ್ಮದಿಂದಲೂ ಮೈಗೆ ಇಳಿಯುತ್ತದೆ. ಫ್ಯೂಸ್ ಕೂರುವ ಕುಳಿಯಲ್ಲಿ ಡಿಟೋನೇಟರ್ ಉಳಿದಿದ್ದರೆ ಬೆರಳ ತುದಿಯಷ್ಟೇ ದೊಡ್ಡದು. ಆದರೆ ಉರಿಯುವ ಸಿಗರೇಟ್ ತುಂಡಿಗೆ ಅದರ ಪಕ್ಕ ಇರುವ ಹಕ್ಕಿಲ್ಲ. ತರಬೇತಿಗೆ ಮಾಡಿದ ನಕಲಿ ಮೈನ್ ಇರಬಹುದು, ಅವಕ್ಕೆ ಅನೇಕ ಸೇನೆಗಳು ನೀಲಿ ಬಣ್ಣ ಹಚ್ಚುತ್ತವೆ ಎಂಬುದೂ ನಿಜ. ಆದರೆ ಬಣ್ಣದ ಮಾತು ಆಗಲೇ ಹೇಳಿದೆ. ನೀಲಿ ಡಬ್ಬಿ ಸಿಕ್ಕರೆ ಸಾಕು, ಖುಷಿಯಿಂದ ಮನೆಗೆ ತರುವವರು ಇದ್ದಾರೆ.

ರೂಮಿನವರಿಗೆ ಪೊಲೀಸ್ ಅಂದರೆ ವೀಸಾ ತೊಂದರೆ ಆಗುತ್ತದೇನೋ ಎಂಬ ಭಯ ಇರುತ್ತದೆ, ಅರ್ಥವಾಗುತ್ತದೆ. ನಿಮ್ಮ ಕಂಪನಿಯ ಮಂದೂಬ್‌ಗೆ (ಸರ್ಕಾರಿ ಕಾಗದಪತ್ರದ ಕೆಲಸ ನೋಡುವವರಿಗೆ) ಅಥವಾ ಸೇಫ್ಟಿ ನೋಡಿಕೊಳ್ಳುವವರಿಗೆ ಮೊದಲು ತಿಳಿಸಿ, ಅವರನ್ನು ಜೊತೆಗಿಟ್ಟುಕೊಂಡೇ 112ಕ್ಕೆ ಹೇಳಿ. ಮರುಭೂಮಿಯಲ್ಲಿ ಸಿಕ್ಕಿತು, ಏನೆಂದು ಗೊತ್ತಿರಲಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು. ಅಲ್ಲಿಯ ತನಕ ಆ ರೂಮಿನಲ್ಲಿ ಯಾರೂ ಮಲಗಬೇಡಿ. ಡಬ್ಬವನ್ನು ತೊಳೆಯುವುದು, ಕಸದ ತೊಟ್ಟಿಗೆ ಹಾಕುವುದು, ಪಿಕಪ್‌ನಲ್ಲಿ ಇಟ್ಟುಕೊಂಡು ಠಾಣೆಗೆ ಒಯ್ಯುವುದು, ಮೂರೂ ಬೇಡ. ಇಟ್ಟಲ್ಲೇ ಇರಲಿ, ಅವರೇ ಬಂದು ತೆಗೆದುಕೊಂಡು ಹೋಗುತ್ತಾರೆ.